ಹಪ್ಪಳದ ಮೇಲೆ ಮೂರನೇ ಹೆಜ್ಜೆ

ಬೈಕುಲ್ಲಾ
23 ಜೂನ್ 2025

ಪೂವಪ್ಪ ಮಾಸ್ತರರಿಗೆ ಶಿವಕುಮಾರಿಯ ನಮಸ್ಕಾರಗಳು.

ಮೂರು ವಾರ ಕೊರಗಣ್ಣನ ಬೆನ್ನು ಬಿದ್ದ ಮೇಲೆ ನಿಮ್ಮ ಬೊರಿವಲಿಯ ವಿಳಾಸ ಸಿಕ್ಕಿತು. ನೀವು ಊರಿಗೆ ಹೋದಿರಿ ಎಂದೇ ಅವನನ್ನು ಬಿಟ್ಟು ಹೋಟೆಲಿನವರೆಲ್ಲ ತಿಳಿದಿದ್ದಾರೆ. ಅಕ್ಕನ ಮಗಳ ಮನೆಯಲ್ಲಿ, ಇದೇ ಮುಂಬಯಿಯಲ್ಲಿ ಇದ್ದೀರಿ ಎಂದು ಗೊತ್ತಾದಾಗ ನನಗೆ ಮೊದಲು ಸಂತೋಷವಾಯಿತು, ಆಮೇಲೆ ಸಿಟ್ಟು ಬಂತು. ಫೋನು ಮಾಡಿದರೆ ಪ್ರಫುಲ್ಲಕ್ಕ ಎತ್ತಿ, "ಮಾಮ ಫೋನಿನಲ್ಲಿ ಮಾತಾಡುದಿಲ್ಲ ಅಂತೆ. ಎಂತ ಹೇಳ್ಲಿಕ್ಕಿದ್ರೂ ಬರ್ದು ಕಳ್ಸಿ ಅಂತ ಹೇಳ್ತಾರೆ" ಅಂದರು. ಮುನ್ಸಿಪಾಲಿಟಿಯ ಕನ್ನಡ ಶಾಲೆ ಬಿಟ್ಟ ಮೇಲೆ ನಾನು ಯಾರಿಗೂ ಪತ್ರ ಬರೆದವಳಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋಟೆಲಿನ ಟೆರೇಸಿನ ನಮ್ಮ ಯೋಗದ ಕ್ಲಾಸಿನ ಸಂಗತಿ ಹೇಳುತ್ತೇನೆ. ಶನಿವಾರ ಯೋಗ ದಿನ ಎಂದು ಬೆಳಗಿನ ಐದಕ್ಕೆ ಇಪ್ಪತ್ತೊಂದು ಜನ ಬಂದು ಚಾಪೆ ಹಾಸಿದೆವು. ನೀರಿನ ಟಾಂಕಿಯ ಮುಂದಿನ ನಿಮ್ಮ ಜಾಗ ಖಾಲಿ ಇತ್ತು. ನೀವು ಬಂದರೂ ಬರಬಹುದು ಎಂದು ಅರ್ಧ ಗಂಟೆ ಕಾದೆವು. ದೋಸೆ ಕಲ್ಲು ಕಾಯಿಸುವ ಹೊತ್ತಾಯಿತು ಎಂದು ಕೊರಗಣ್ಣ ಎದ್ದ, ಅವನ ಹಿಂದೆ ಉಳಿದವರೂ ಇಳಿದರು. ಇವತ್ತು ಹನ್ನೆರಡು ಜನ ಬಂದಿದ್ದರು.

ನನ್ನ ಅಭ್ಯಾಸ ನಿಂತಿಲ್ಲ. ತ್ರಿವಿಕ್ರಮಾಸನ ದಿನಾ ಮಾಡುತ್ತೇನೆ. ಎಡಗಾಲ ಮೇಲೆ ನಿಂತು ಬಲಗಾಲನ್ನು ಕಿವಿಯ ಪಕ್ಕದಿಂದ ನೆಟ್ಟಗೆ ಮೇಲೆತ್ತಿ, ಎರಡೂ ಕೈಯಲ್ಲಿ ಹಿಮ್ಮಡಿ ಹಿಡಿದು ಹತ್ತು ಎಣಿಕೆ ನಿಲ್ಲುತ್ತೇನೆ. ಕಾಲಿಳಿಸಿದ ಮೇಲೆ ಮೂರು ಸಲ 'ಕೂ' ಕೂಗುವಾಗ ದನಿ ನಡುಗುವುದಿಲ್ಲ. ಆದರೆ ಇಳಿಸುವಾಗ ಕಾಲಡಿಗೆ ಇಟ್ಟ ಹಪ್ಪಳ ಒಡೆಯುತ್ತದೆ. ಎಂಟು ವರ್ಷದಲ್ಲಿ ನಾನು ಒಡೆದ ಹಪ್ಪಳದಲ್ಲಿ ಒಂದು ಮದುವೆಯ ಊಟ ಮುಗಿಯುತ್ತಿತ್ತು.

ಒಂದು ಮಾತು ಕೇಳದೆ ಇರಲಾರೆ. ನೀವು ಹೋಗುವ ಹಿಂದಿನ ದಿನ ನಿಮ್ಮ ಕಾಲು ಮುಟ್ಟಿ, ಪವಾಯಿಯ ಯೋಗ ಕೇಂದ್ರದಲ್ಲಿ ಭಾನುವಾರದ ಶಿಕ್ಷಕರ ಕೋರ್ಸಿಗೆ ಹೆಸರು ಕೊಟ್ಟಿದ್ದೇನೆ ಎಂದು ಹೇಳಿದೆ. ನೀವು ಒಂದಕ್ಷರ ಮಾತಾಡದೆ ಮೆಟ್ಟಿಲಿಳಿದು ಹೋದಿರಿ. ಅದಕ್ಕಾಗಿಯೇ ನಮ್ಮನ್ನೆಲ್ಲ ಬಿಟ್ಟಿರಾ?

ನಿಮ್ಮ ವಿದ್ಯಾರ್ಥಿನಿ,
ಶಿವಕುಮಾರಿ


ಬೊರಿವಲಿ
2 ಜುಲೈ 2025

ಚಿ. ಶಿವಕುಮಾರಿಗೆ ಪೂವಪ್ಪನ ಆಶೀರ್ವಾದ.

ಪತ್ರ ತಲುಪಿತು. ಅಕ್ಷರ ನೀನು ಹೊಟ್ಟೆಪಾಡಿಗೆ ಹಾಕುವ ಹೊಲಿಗೆಯಷ್ಟು ನೇರವಾಗಿಲ್ಲ, ಆದರೆ ಓದಬಹುದು.

ನನಗೆ ಮಂಡಿ ನೋವು. ನಾಲ್ಕು ಮಾಳಿಗೆ ಹತ್ತುವುದು ಆಗುವುದಿಲ್ಲ. ನಲವತ್ತು ವರ್ಷ ದೋಸೆ ಕಲ್ಲಿನ ಮುಂದೆ ನಿಂತ ಮಂಡಿ ಇನ್ನೆಷ್ಟು ಕೇಳಿದರೆ ಕೊಡುತ್ತದೆ? ಇಲ್ಲಿ ಹಿಂದುಗಡೆ ಮರಗಳಿವೆ, ಪ್ರಫುಲ್ಲಾ ಹೊತ್ತು ಹೊತ್ತಿಗೆ ಊಟ ಕೊಡುತ್ತಾಳೆ, ಸುಖವಾಗಿದ್ದೇನೆ. ನನ್ನನ್ನು ನೋಡಲು ಯಾರೂ ಬರುವುದು ಬೇಡ. ಟ್ರೇನಿನ ನೂಕುನುಗ್ಗಲಿನಲ್ಲಿ ಅಷ್ಟು ದೂರ ಬಂದು ಒಬ್ಬ ಮುದುಕನ ಮುಖ ನೋಡುವುದರಲ್ಲಿ ಏನಿದೆ?

ಸಿಟ್ಟು ಎಂದು ನಿನಗೆ ಯಾರು ಹೇಳಿದರು? ಹೋಗುವವರು ಎಲ್ಲಿಗಾದರೂ ಹೋಗಬಹುದು, ನಾನು ಯಾರನ್ನೂ ಹಗ್ಗ ಹಾಕಿ ಕಟ್ಟಿದವನಲ್ಲ.

ಹಪ್ಪಳದ ಬಗ್ಗೆ ಬರೆಯುತ್ತೇನೆ. ಎಷ್ಟು ಹೇಳಿದರೂ ನೀನು ಎತ್ತುವುದನ್ನೇ ಆಸನ ಎಂದುಕೊಂಡಿದ್ದೀ. ವಾಮನ ಮೂರು ಹೆಜ್ಜೆ ಜಾಗ ಕೇಳಿದ. ನೀನು ನಿಂತ ಕಾಲು ಮೊದಲನೆಯದು, ಭೂಮಿ. ಎತ್ತಿದ ಕಾಲು ಎರಡನೆಯದು, ಆಕಾಶ. ಅಲ್ಲಿಯವರೆಗೆ ಸರ್ಕಸ್ಸಿನವರೂ ಮಾಡುತ್ತಾರೆ. ಮೂರನೇ ಹೆಜ್ಜೆ ಇರುವುದು ಇಳಿಸುವುದರಲ್ಲಿ. ಅಲ್ಲಿ ಕೆಳಗೆ ಒಬ್ಬನ ತಲೆ ಇದೆ. ಅವನು ಬಲಿ, ರಾಜ, ಕೊಟ್ಟ ಮಾತಿಗೆ ತಲೆ ಬಗ್ಗಿಸಿ ಕೂತವನು. ಅದಕ್ಕೇ ಸುಟ್ಟ ಹಪ್ಪಳ ಇಡಿಸುವುದು. ಮೈಭಾರವೆಲ್ಲ ನಿಂತ ಕಾಲಿನಲ್ಲೇ ಇರಬೇಕು, ಇಳಿದ ಕಾಲು ಹಪ್ಪಳವನ್ನು ಮುಟ್ಟಬೇಕು, ಮೂರು ಉಸಿರು ಹಾಗೇ ಇರಬೇಕು. ಒಡೆಯಿತು ಎಂದರೆ ನಿನಗೆ ಕೆಳಗಿದ್ದವನ ನೆನಪಿರಲಿಲ್ಲ ಎಂದರ್ಥ. 'ಕೂ' ಮಾತ್ರ ಬಿಡಬೇಡ.

ಪೂವಪ್ಪ


ಬೈಕುಲ್ಲಾ
13 ಜುಲೈ 2025

ಮಾಸ್ತರರಿಗೆ ನಮಸ್ಕಾರ.

ಮಂಡಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಬೇಕು ಎಂದು ನನ್ನ ಅವ್ವ ಹೇಳುತ್ತಿದ್ದಾಳೆ. ಹಗ್ಗದ ಮಾತು ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಸಿಟ್ಟಿಲ್ಲ ಎಂದು ಬರೆದ ರೀತಿಯಲ್ಲೇ ಸಿಟ್ಟು ಕಾಣುತ್ತಿದೆ. ಬೊರಿವಲಿಗೆ ಹೋಗಿ ಬಾಗಿಲಲ್ಲಿ ಕೂತುಬಿಡುತ್ತೇನೆ ಎಂದು ಹೊರಟಿದ್ದೆ. ಅವ್ವ ಮಾರ್ಕೆಟಿನ ಹೊರಗೆ ಮೆಂತ್ಯದ ಸೂಡು ಕಟ್ಟುತ್ತ ಕೂತಿದ್ದವಳು ಅಲ್ಲೇ ತಡೆದಳು. "ಗುರು ಬರಬ್ಯಾಡ ಅಂದಾರಂದ್ರ ಹೋಗಬಾರದು ನೋಡವ್ವಾ. ಮನಸ ತಿಳಿ ಆದ್ರ ತಾವ ಕರೀತಾರ" ಅಂದಳು. ಅವ್ವ ಗುರುಬಾಯಿಯ ಮಾತು ಮೀರುವುದು ನನಗೆ ಈ ಮೂವತ್ತೊಂದರ ವಯಸ್ಸಿನಲ್ಲೂ ಆಗುವುದಿಲ್ಲ.

ಈಗ ಒಂಬತ್ತು ಜನ ಬರುತ್ತಾರೆ. ಎದುರಿಗೆ ಯಾರೂ ನಿಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ಮಾಡುತ್ತಾರೆ. ಸಪ್ಲಾಯರ್ ಶೇಖರ ಶವಾಸನದಿಂದಲೇ ಶುರು ಮಾಡಿ ಗೊರಕೆ ಹೊಡೆಯುತ್ತಾನೆ. ಮೊನ್ನೆ ಹೋಟೆಲಿನ ಧಣಿಗಳು ಮೇಲೆ ಬಂದು ನೋಡಿದರು. ದೀಪಾವಳಿಯವರೆಗೆ ನೋಡುತ್ತಾರಂತೆ. ಕ್ಲಾಸು ಸರಿಯಾಗಿ ನಡೆಯದಿದ್ದರೆ ಶೀಟು ಹಾಕಿಸಿ ಈರುಳ್ಳಿ ಮೂಟೆ ಇಡಿಸುತ್ತಾರಂತೆ.

ಅದಕ್ಕೆ ಒಂದು ಕೇಳಿಕೆ. ನೀವು ಗುಣವಾಗಿ ಬರುವವರೆಗೆ ಟಾಂಕಿಯ ಮುಂದೆ ನಾನು ನಿಂತು ಎಣಿಕೆ ಹೇಳಲೇ? ನೀವು ಹೂಂ ಎನ್ನದೆ ಆ ಜಾಗಕ್ಕೆ ನಾನು ಕಾಲಿಡುವುದಿಲ್ಲ.

ಶಿವಕುಮಾರಿ


ಬೊರಿವಲಿ
26 ಜುಲೈ 2025

ಚಿ. ಶಿವಕುಮಾರಿಗೆ,

ಮಳೆಯಿಂದ ಅಂಚೆ ತಡವಾಯಿತು. ಅವ್ವನಿಗೆ ಎಣ್ಣೆಯ ಸಲಹೆಗೆ ನಮಸ್ಕಾರ ಹೇಳು.

ಜಾಗಕ್ಕೆ ಇಷ್ಟು ಅವಸರವೇಕೆ? ನಾನಿನ್ನೂ ಹೋಗಿಲ್ಲ, ಬೊರಿವಲಿಯಲ್ಲಿದ್ದೇನೆ. ಮೊದಲು ಹಪ್ಪಳ ಒಡೆಯದೆ ಕಾಲಿಡುವುದು ಬರಲಿ, ಆಮೇಲೆ ಜಾಗದ ಮಾತು. ಈ ಮಂಡಿ ಇವತ್ತಲ್ಲ ನಾಳೆ ಸರಿಹೋಗುತ್ತದೆ. ಅಲ್ಲಿಯವರೆಗೆ ಅವರವರ ಅಭ್ಯಾಸ ಅವರವರು ಮಾಡಲಿ. ಶೇಖರನಿಗೆ ಬಲಗಡೆ ಹೊರಳಿ ಏಳಲು ಹೇಳು, ಅವನ ಬೆನ್ನಿಗೆ ಅದು ಒಳ್ಳೆಯದು.

ಪೂವಪ್ಪ


ಬೈಕುಲ್ಲಾ
18 ಆಗಸ್ಟ್ 2025

ಮಾಸ್ತರರಿಗೆ,

ನಿನ್ನೆ ಪವಾಯಿಯಲ್ಲಿ ನನ್ನ ಪರೀಕ್ಷೆ ಆಯಿತು. ನಿಮಗೆ ಹೇಳಬಾರದು ಎಂದುಕೊಂಡಿದ್ದೆ, ಈಗ ಹೇಳಿಯೇ ತೀರುತ್ತೇನೆ.

ಎ.ಸಿ. ಹಾಲು, ಗಾಜಿನ ಗೋಡೆ, ಆಚೆ ಕೆರೆ. ಮೂವರು ಪರೀಕ್ಷಕರು. ನಿಂತು ಮಾಡುವ ಕಠಿಣ ಆಸನ ಒಂದನ್ನು ಮಾಡಿ ಅದರ ಪುರಾಣ ಹೇಳಬೇಕು. ನಾನು ತ್ರಿವಿಕ್ರಮಾಸನ ಎಂದೆ. ಇಡೀ ಹಾಲಿನಲ್ಲಿ ಬೇರೆ ಯಾರೂ ಅದರ ಹೆಸರು ಕೊಟ್ಟಿರಲಿಲ್ಲ. ನಾನು ಬ್ಯಾಗಿನಿಂದ ಪೇಪರಿನಲ್ಲಿ ಸುತ್ತಿದ ಸುಟ್ಟ ಹಪ್ಪಳ ತೆಗೆದು ನೆಲದ ಮೇಲಿಟ್ಟೆ. ಒಬ್ಬ ಮೇಡಂ, "ಯೇ ಪಾಪಡ್ ಕಿಸ್ ಲಿಯೇ?" ಎಂದು ಕೇಳಿದರು. ಎಲ್ಲ ಕಡೆಯೂ ಇಡುತ್ತಾರಲ್ಲ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕಾಲು ಎತ್ತಿ ಹತ್ತು ಎಣಿಕೆ ನಿಂತೆ. ಚಪ್ಪಾಳೆ ಹೊಡೆದರು. ಇಳಿಸಿದೆ, ಹಪ್ಪಳ ಒಡೆಯಿತು. ಆಮೇಲೆ ನೀವು ಕಲಿಸಿದ ಹಾಗೆ ಎದೆ ತುಂಬ ಉಸಿರು ತೆಗೆದುಕೊಂಡು ಮೂರು ಸಲ 'ಕೂ' ಕೂಗಿದೆ. ಕೆಳಗಿನ ವಾಚ್‌ಮನ್ ಬೆಂಕಿ ಬಿತ್ತೇನೋ ಎಂದು ಓಡಿ ಬಂದ. ಹಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಕಥೆ ಹೇಳು ಎಂದಾಗ ನಾನು ಬಲಿಯ ಕಥೆ ಹೇಳಿದೆ. ಅವನು ಎಂಥ ರಾಜ, ಎಷ್ಟು ಒಳ್ಳೆಯವನು, ಅವನ ತಲೆಗೆ ನೋವಾಗದಂತೆ ಹೇಗೆ ಕಾಲಿಡಬೇಕು ಎಂದೆಲ್ಲ. ಅದಕ್ಕೆ ಪರೀಕ್ಷಕರು, ಇದು ವಿಷ್ಣುವಿನ ಆಸನ, ನೀನು ಅಸುರನ ಕಡೆ ಸೇರಿದ್ದೀಯ, ಈ ಕೂಗು ಯಾವ ಶಾಸ್ತ್ರದಲ್ಲೂ ಇಲ್ಲ ಎಂದರು. ಆಸನಕ್ಕೆ ಪೂರ್ತಿ ಅಂಕ, ಕಥೆಗೆ ಸೊನ್ನೆ. ನವೆಂಬರಿನಲ್ಲಿ ಮತ್ತೆ ಕೂರಬೇಕು.

ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತೆ. ಎಂಟು ವರ್ಷ ಪ್ರತಿ ದಿನ ಬೆಳಿಗ್ಗೆ ಎದ್ದು ಆ ಕೂಗು ಕೂಗಿದ್ದೇನೆ. ಲೋಕದಲ್ಲಿ ಎಲ್ಲರೂ ಹಾಗೇ ಕೂಗುತ್ತಾರೆ ಎಂದು ನಂಬಿದ್ದೆ. ನಾವು ಬಿಜಾಪುರದ ಕಡೆಯವರು, ನಮಗೆ ಏನು ಗೊತ್ತು? ನೀವು ಹೇಳಿದ್ದೇ ಯೋಗ. ಇಲ್ಲದ್ದನ್ನು ಯಾಕೆ ಕಲಿಸಿದಿರಿ ಮಾಸ್ತರರೇ? ಜಾಗವನ್ನೂ ಕೊಡುವುದಿಲ್ಲ, ಕೊಟ್ಟ ವಿದ್ಯೆಯೂ ಹೀಗೆ. ನಾನು ಯಾರ ಮುಂದೆ ಹೋಗಿ ನಿಲ್ಲಲಿ?

ಶಿವಕುಮಾರಿ


ಬೈಕುಲ್ಲಾ
8 ಸೆಪ್ಟೆಂಬರ್ 2025

ಮಾಸ್ತರರಿಗೆ ನಮಸ್ಕಾರಗಳು.

ನನ್ನ ಹಿಂದಿನ ಪತ್ರ ಬರೆದು ಮೂರು ವಾರವಾಯಿತು. ಉತ್ತರ ಬರಲಿಲ್ಲ. ಗಣಪತಿ ಬಂದು ಹೋದ. ಆ ಪತ್ರವನ್ನು ಡಬ್ಬಿಗೆ ಹಾಕಿದ ಕೈಯನ್ನೇ ಕತ್ತರಿಯಲ್ಲಿ ಕತ್ತರಿಸಬೇಕು ಅನ್ನಿಸುತ್ತಿದೆ. ಸಿಟ್ಟಿನಲ್ಲಿ ಬರೆದೆ. ತಪ್ಪಾಯಿತು.

ಈಗ ನಾಲ್ಕು ಜನ ಬರುತ್ತೇವೆ. ಕೊರಗಣ್ಣನೂ ಬಿಟ್ಟ. "ಮಾಸ್ತರಿಲ್ಲದೆ ಮೇಲೆ ಹತ್ತಿ ಎಂತ ಮಾಡ್ಲಿಕ್ಕುಂಟು ಮಾರಾಯ್ತಿ? ಆಕಾಶ ನೋಡ್ಲಿಕ್ಕಾ?" ಅಂದ. ನಾನು ಮೂಲೆಯಲ್ಲಿ ನನ್ನ ಚಾಪೆಯ ಮೇಲೇ ನಿಂತು ಮಾಡುತ್ತೇನೆ. 'ಕೂ' ಬಿಟ್ಟಿಲ್ಲ. ಮೆಲ್ಲಗೆ ಕೂಗುತ್ತೇನೆ.

ಶಿವಕುಮಾರಿ


ಬೊರಿವಲಿ
17 ಸೆಪ್ಟೆಂಬರ್ 2025

ಶಿವಕುಮಾರಿಗೆ,

ಎರಡೂ ಪತ್ರ ಬಂದಿವೆ. ಪವಾಯಿಯವರು ಹೇಳಿದ್ದೇ ಸರಿ ಇರಬಹುದು. ಅವರ ಹತ್ತಿರ ಕಲಿ. ಟೆರೇಸನ್ನು ಧಣಿಗಳಿಗೆ ಬಿಟ್ಟುಕೊಡಿ, ಈರುಳ್ಳಿಗಾದರೂ ಉಪಯೋಗವಾಗಲಿ. ಇನ್ನು ಬರೆಯಬೇಡ.

ಪೂವಪ್ಪ


ಬೈಕುಲ್ಲಾ
29 ಸೆಪ್ಟೆಂಬರ್ 2025

ಮಾಸ್ತರರಿಗೆ ನಮಸ್ಕಾರಗಳು.

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ಬರಬೇಡ ಎಂದಿದ್ದಿರಿ, ನಿನ್ನೆ ಬಂದಿದ್ದೆ. ನಿಮ್ಮ ಕೊನೆಯ ಪತ್ರದ ಅಕ್ಷರಗಳು ಗೆರೆಯ ಮೇಲೆ ನಿಂತೇ ಇರಲಿಲ್ಲ, ಎಲ್ಲ ಬಲಕ್ಕೆ ಜಾರಿದ್ದವು. ಅದನ್ನು ಅವ್ವನಿಗೆ ತೋರಿಸಿದೆ. ಅವಳಿಗೆ ಓದು ಬರುವುದಿಲ್ಲ, ಆದರೂ ತುಂಬ ಹೊತ್ತು ನೋಡಿ, "ಇದು ಸಿಟ್ಟಿನಾಗ ಬರದಿದ್ದಲ್ಲ ಯವ್ವಾ, ಏನೋ ತ್ರಾಸಿನಾಗ ಬರದದ್ದು. ಹೋಗಿ ಬಾ" ಅಂದಳು.

ಸಂಜೆ ಐದಕ್ಕೆ ನಿಮ್ಮ ಬಿಲ್ಡಿಂಗಿನ ಗೇಟಿನ ಒಳಗೆ ಬಂದೆ. ನೀವು ಹಿಂದಿನ ಕಾಂಪೌಂಡಿನಲ್ಲಿ ನಡೆಯುತ್ತಿದ್ದಿರಿ. ಎರಡೂ ಕಾಲು ಅಗಲಿಸಿ, ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಪ್ರಫುಲ್ಲಕ್ಕನ ಭುಜದ ಮೇಲೆ. ನಾನು ಹತ್ತು ಹೆಜ್ಜೆ ಹಿಂದಿನಿಂದ "ಮಾಸ್ತರರೇ" ಎಂದು ಕರೆದೆ. ಮತ್ತೊಮ್ಮೆ ಜೋರಾಗಿ ಕರೆದೆ. ಪ್ರಫುಲ್ಲಕ್ಕ ತಿರುಗಿ ನೋಡಿದರು. ನೀವು ತಿರುಗಲಿಲ್ಲ. ಆಗ ನನಗೆ ತಿಳಿಯಿತು. ಅವರಿಗೆ ಸುಮ್ಮನಿರಿ ಎಂದು ಕೈಸನ್ನೆ ಮಾಡಿ ಕಂಬದ ಮರೆಗೆ ನಿಂತೆ.

ನೀವು ಗೋಡೆಗೆ ಎರಡೂ ಅಂಗೈ ಊರಿ ಒಂದು ಪಾದವನ್ನು ಎರಡು ಬೆರಳಿನಷ್ಟು ಮೇಲೆತ್ತಿದಿರಿ. ಪ್ರಫುಲ್ಲಕ್ಕ ನಿಮ್ಮ ಕಣ್ಣ ಮುಂದೆ ಬೆರಳು ಮಡಚಿ ಎಣಿಸಿದರು. ಒಂದು, ಎರಡು. ನೀವು ಓಲಾಡಿ ಕಾಲು ಕೆಳಗಿಟ್ಟಿರಿ. ಮತ್ತೆ ಎತ್ತಿದಿರಿ. ಮಾಸ್ತರರೇ, ಟಾಂಕಿಯ ಮುಂದೆ ನೀವು ನಿಂತದ್ದನ್ನು ಎಂಟು ವರ್ಷ ನೋಡಿದ್ದೇನೆ. ನಿನ್ನೆ ನೋಡಿದ ಆ ಎರಡು ಎಣಿಕೆಯಷ್ಟು ದೊಡ್ಡ ಆಸನವನ್ನು ನಾನು ನೋಡಿಲ್ಲ.

ಮಾತಾಡಿಸದೆ ವಾಪಸು ಬಂದೆ. ನೀವು ಹಾಗೆ ಇರುವಾಗ ನನ್ನನ್ನು ನೋಡಿದರೆ ನಿಮಗೆ ನೋವಾಗುತ್ತದೆ ಎಂದು ಹೆದರಿದೆ. ವಾಚ್‌ಮನ್ ಕೊಟ್ಟ ಹಪ್ಪಳದ ಕಟ್ಟು ನನ್ನದು. ಅದು ತಿನ್ನಲಿಕ್ಕೆ.

ನನಗೆ ಜಾಗ ಬೇಡ. ನೀವು ಹೇಗಿದ್ದೀರಿ ಎಂದು ಮಾತ್ರ ನಿಜ ಬರೆಯಿರಿ.

ಶಿವಕುಮಾರಿ


ಬೊರಿವಲಿ
7 ಅಕ್ಟೋಬರ್ 2025

ಮಗಳೇ ಶಿವಕುಮಾರಿ,

ಐದು ದಿನದಿಂದ ಈ ಪತ್ರ ಬರೆಯುತ್ತಿದ್ದೇನೆ. ತಲೆ ಬಗ್ಗಿಸಿದರೆ ಕಾಗದ ಸುತ್ತುತ್ತದೆ, ಅದಕ್ಕೆ ದಿನಕ್ಕೆ ಸ್ವಲ್ಪ ಸ್ವಲ್ಪ.

ನನ್ನ ಮಂಡಿಗೆ ಏನೂ ಆಗಿಲ್ಲ. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಎದ್ದಾಗ ಕೋಣೆ ಗಿರಗಿರ ತಿರುಗುತ್ತಿತ್ತು. ಎಡಗಿವಿಯಲ್ಲಿ ಸೀಟಿಯಂಥ ಸದ್ದು ಹುಟ್ಟಿ, ಮೂರು ದಿನದಲ್ಲಿ ಕಿವಿಯೇ ಹೋಯಿತು. ಬಲಗಿವಿ ಅರ್ಧ ಉಳಿದಿದೆ. ಮನುಷ್ಯ ನೆಟ್ಟಗೆ ನಿಲ್ಲುವ ಹತೋಟಿ ಕಿವಿಯ ಒಳಗಿದೆಯಂತೆ. ನಲವತ್ತು ವರ್ಷ ಅದು ಕಾಲಿನಲ್ಲಿದೆ ಎಂದು ನಾನು ನಿಮಗೆಲ್ಲ ಹೇಳಿಕೊಟ್ಟೆ. ಏಪ್ರಿಲಿನಿಂದ ನಾನು ಟಾಂಕಿಗೆ ಒರಗಿಕೊಂಡೇ ಕಲಿಸುತ್ತಿದ್ದೆ. ಮಾಸ್ತರರ ಗತ್ತು ನೋಡಿ ಎಂದು ನೀವು ಅಂದುಕೊಂಡಿರಿ. ಗತ್ತಲ್ಲ, ಬಿಟ್ಟರೆ ಬೀಳುತ್ತಿದ್ದೆ.

ಆ ಕೊನೆಯ ದಿನ ನೀನು ಪವಾಯಿಯ ವಿಷಯ ಹೇಳಿದೆ ಎಂದು ನನಗೆ ಗೊತ್ತಾದದ್ದು ನಿನ್ನ ಮೊದಲ ಪತ್ರದಿಂದ. ನೀನು ನನ್ನ ಎಡಗಡೆ ನಿಂತಿದ್ದೆ. ನನಗೆ ಏನೂ ಕೇಳಿಸಲಿಲ್ಲ. ಕಾಲು ಮುಟ್ಟಿದೆ, ನಾನು ಆಶೀರ್ವಾದ ಮಾಡಲು ಬಗ್ಗಿದರೆ ಬೀಳುತ್ತೇನೆ ಎಂದು ಹೆದರಿ ಗೋಡೆ ಹಿಡಿದು ಇಳಿದುಬಿಟ್ಟೆ. ಇದನ್ನು ಜುಲೈಯಲ್ಲೇ ಬರೆಯಬಹುದಿತ್ತು. ಒಂಟಿ ಕಾಲಲ್ಲಿ ನಿಲ್ಲಿಸುವ ಮಾಸ್ತರನಿಗೆ ಎರಡು ಕಾಲಲ್ಲಿ ನಿಲ್ಲಲು ಬರುವುದಿಲ್ಲ ಎಂದು ಬರೆಯಲು ಕೈ ಬರಲಿಲ್ಲ. ಈಗ ನಿನಗಿಂತ ಚಿಕ್ಕವಳಾದ ಒಬ್ಬ ಡಾಕ್ಟರಮ್ಮ ನನಗೆ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿಸುತ್ತಿದ್ದಾಳೆ. ಚೆನ್ನಾಗಿ ಮಾಡುತ್ತೀರಿ ಅಂಕಲ್, ಮೊದಲು ಯೋಗ ಏನಾದರೂ ಮಾಡಿದ್ದೀರಾ ಎಂದು ಬರೆದು ಕೇಳಿದಳು. ಸ್ವಲ್ಪ ಮಾಡಿದ್ದೇನೆ ಎಂದೆ.

ಇನ್ನು 'ಕೂ'. ಪರೀಕ್ಷೆಯ ಪತ್ರ ಓದಿ ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅದು ಶಾಸ್ತ್ರದ್ದಲ್ಲ, ನನ್ನ ಊರಿನದು. ಕಾರ್ಕಳದ ಹತ್ತಿರ ನಮ್ಮ ಮನೆ. ದೀಪಾವಳಿಯ ಸಂಜೆ ಅಪ್ಪ ಗದ್ದೆಯ ಬದುವಿನಲ್ಲಿ ದೀಪ ಇಟ್ಟು ಬಲೀಂದ್ರನನ್ನು 'ಕೂ' ಎಂದು ಮೂರು ಸಲ ಕೂಗಿ ಕರೆಯುತ್ತಿದ್ದರು. ಆಚೆ ಗದ್ದೆಯವರೂ ಕೂಗುತ್ತಿದ್ದರು. ಪಾತಾಳಕ್ಕೆ ಹೋದ ರಾಜ ವರ್ಷಕ್ಕೊಮ್ಮೆ ತನ್ನ ಭೂಮಿಯನ್ನು, ತನ್ನ ಜನರನ್ನು ನೋಡಲು ಬರುತ್ತಾನೆ. ಕರೆದರೆ ಮಾತ್ರ ಬರುತ್ತಾನೆ. ನಮ್ಮ ಕಡೆ ಅವನನ್ನು ಅಸುರ ಎನ್ನುವುದಿಲ್ಲ.

ಹದಿಮೂರನೇ ವಯಸ್ಸಿಗೆ ನಾನು ಬೈಕುಲ್ಲಾಕ್ಕೆ ಬಂದೆ. ದೀಪಾವಳಿಗೆ ಹೋಟೆಲಿನಲ್ಲಿ ರಜೆ ಇಲ್ಲ. ಆ ಸಂಜೆ ಟೆರೇಸಿಗೆ ಹೋಗಿ ನಾನೊಬ್ಬನೇ ಕೂಗಿದೆ. ಆಮೇಲೆ ಗಿರಗಾಂವಿನ ವ್ಯಾಯಾಮ ಶಾಲೆಯಲ್ಲಿ ಈ ಆಸನ ಕಲಿತಾಗ, ಅಲ್ಲಿಯ ಗುರುಗಳು ವಿಷ್ಣು ಬಲಿಯನ್ನು ತುಳಿದ ಎಂದು ಹೇಳಿ ಕಥೆ ಮುಗಿಸಿದರು. ನನಗೆ ಅದು ಮುಗಿದ ಹಾಗೆ ಅನ್ನಿಸಲಿಲ್ಲ. ತಲೆಯ ಮೇಲೆ ಕಾಲಿಟ್ಟವರಿಗೆ ಅವನನ್ನು ವಾಪಸು ಕರೆಯುವ ಹೊಣೆಯೂ ಇದೆ. ಅದಕ್ಕೇ ಆಸನದ ಕೊನೆಗೆ 'ಕೂ' ಸೇರಿಸಿದೆ. ಊರವರಿಗೆ ಹೇಳದೇ ಗೊತ್ತಾಗುತ್ತಿತ್ತು. ನಿನ್ನಂಥವರಿಗೆ ಹೇಳಬೇಕಿತ್ತು. ಹೇಳದೆ ತಪ್ಪು ಮಾಡಿದೆ.

ಇನ್ನೊಂದು ತಪ್ಪಿದೆ. ವಾಮನ ಮೂರನೇ ಹೆಜ್ಜೆಗೆ ಜಾಗ ಎಲ್ಲಿ ಎಂದು ಕೇಳಿದ, ಅಷ್ಟೇ. ತಲೆ ತೋರಿಸಿದವನು ಬಲಿ. ನೀನು ಜುಲೈಯಲ್ಲಿ ಜಾಗ ಕೇಳಿದೆ. ನಾನು ಮಂಡಿ, ಮಳೆ, ಹಪ್ಪಳ ಎಂದು ಸಬೂಬು ಹೇಳಿದೆ. ಕೊಟ್ಟರೆ ನಾನು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ಈಗ ಒಪ್ಪಿಕೊಂಡಿದ್ದೇನೆ. ಟಾಂಕಿಯ ಮುಂದೆ ನೀನು ನಿಲ್ಲು. ನಾನು ಗುಣವಾಗುವವರೆಗೆ ಅಲ್ಲ, ಇನ್ನು ಮುಂದೆ. ಇದು ನಾನಾಗಿ ಕೊಟ್ಟದ್ದು.

ನನ್ನನ್ನು ಮಾತ್ರ ಅಲ್ಲಿಗೆ ಕರೆಯಬೇಡ. ಗೋಡೆ ಹಿಡಿದು ನಡೆಯುವುದನ್ನು ಕೊರಗ, ಶೇಖರ ನೋಡುವುದು ಬೇಡ.

ಪೂವಪ್ಪ


ಬೈಕುಲ್ಲಾ
14 ಅಕ್ಟೋಬರ್ 2025

ಮಾಸ್ತರರಿಗೆ ಸಾಷ್ಟಾಂಗ ನಮಸ್ಕಾರಗಳು.

ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಇಬ್ಬರೂ ಅತ್ತೆವು. ಆಮೇಲೆ ಡಾಕ್ಟರಮ್ಮನ ಮಾತಿಗೆ ಇಬ್ಬರೂ ನಕ್ಕೆವು.

ಶನಿವಾರದಿಂದ ನಿಂತಿದ್ದೇನೆ. ಮೊದಲ ದಿನ ನಿಮ್ಮ ಜಾಗದಿಂದ ಒಂದು ಹೆಜ್ಜೆ ಆಚೆ ನಿಂತೆ. ಎರಡನೇ ದಿನ ನಿಮ್ಮ ಜಾಗದಲ್ಲೇ ನಿಂತೆ. ಟಾಂಕಿಗೆ ಒರಗಿ ಒರಗಿ ಅಲ್ಲಿ ಸುಣ್ಣ ಅಳಿಸಿ ನಿಮ್ಮ ಬೆನ್ನಿನ ಅಗಲದ ಗುರುತು ಬಿದ್ದಿದೆ. ಬೆನ್ನಿಗೆ ಅದು ತಾಗಿದಾಗ ಧೈರ್ಯ ಬಂತು. ನಿಮ್ಮ ಕಿವಿಯ ವಿಷಯವನ್ನು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ. ನನ್ನನ್ನು ಬೈಯಿರಿ. ಕೊರಗಣ್ಣ, "ಇಷ್ಟೇಯಾ? ನಾನು ನಮ್ಮನ್ನು ಮರ್ತೇ ಬಿಟ್ರು ಅಂತ ಗ್ರಹಿಸಿದ್ದು" ಅಂದು ಕಣ್ಣು ಒರೆಸಿಕೊಂಡ. ಮರುದಿನದಿಂದ ಬರುತ್ತಿದ್ದಾನೆ. ಇವತ್ತು ಹದಿಮೂರು ಜನ.

ಹಪ್ಪಳ ಇನ್ನೂ ಒಡೆಯುತ್ತಿದೆ. ಮೊದಲು ಚೂರುಚೂರು ಆಗುತ್ತಿತ್ತು, ಈಗ ಎರಡೇ ಹೋಳು.

ನೀವು ಕರೆಯಬೇಡ ಎಂದಿದ್ದೀರಿ. ಅದೇ ಪತ್ರದಲ್ಲಿ, ಕಾಲಿಟ್ಟವರಿಗೆ ಕರೆಯುವ ಹೊಣೆ ಇದೆ ಎಂದೂ ಬರೆದಿದ್ದೀರಿ. ಎರಡರಲ್ಲಿ ಒಂದನ್ನು ಮಾತ್ರ ನಾನು ಕೇಳಬಲ್ಲೆ. ಇಪ್ಪತ್ತೆರಡನೇ ತಾರೀಖು ಬುಧವಾರ ಬಲಿಪಾಡ್ಯ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಗಿರಾಕಿ ಬರುವ ಮೊದಲು, ನಾಲ್ಕೂವರೆಗೆ, ಎಲ್ಲರೂ ಟೆರೇಸಿನಲ್ಲಿ ಸೇರುತ್ತೇವೆ. ಶೇಖರ ಟ್ಯಾಕ್ಸಿ ತೆಗೆದುಕೊಂಡು ಬೊರಿವಲಿಗೆ ಬರುತ್ತಾನೆ. ಮೆಟ್ಟಿಲು ನೀವು ಹತ್ತುವುದು ಬೇಡ. ಹೋಟೆಲಿನ ಕುರ್ಚಿ ಇದೆ, ಎತ್ತಲು ನಾಲ್ಕು ಜನರಿದ್ದಾರೆ. ರಾಜರು ನಡೆದು ಬರುವುದಿಲ್ಲ.

ಕಾಗದದಲ್ಲಿ ಕೂಗಿದರೆ ನಿಮ್ಮ ಕಿವಿಗೂ ತೊಂದರೆಯಿಲ್ಲ. ಅದಕ್ಕೆ ಇಲ್ಲೇ ಕೂಗುತ್ತಿದ್ದೇನೆ. ಕೂ. ಕೂ. ಕೂ.

ಶಿವಕುಮಾರಿ


ಬೊರಿವಲಿ
24 ಅಕ್ಟೋಬರ್ 2025

ಬೈಕುಲ್ಲಾ ಟೆರೇಸಿನ ಮಾಸ್ತರರಾದ ಶಿವಕುಮಾರಿ ಅವರಿಗೆ,

ಈ ಒಕ್ಕಣೆ ನೋಡಿ ಗಾಬರಿಯಾಗಬೇಡ. ಮುಂದೆ ಓದು.

ಬುಧವಾರ ಮನೆಗೆ ಬಂದು ಮಲಗಿದವನು ನಿನ್ನೆ ಮಧ್ಯಾಹ್ನ ಎದ್ದೆ. ಪ್ರಫುಲ್ಲಾ ಹೆದರಿದ್ದಳು. ತಲೆ ಸುತ್ತಿದ್ದು ನಿಜ, ಆದರೆ ಮಲಗಿದ್ದು ಸುಖಕ್ಕೆ. ನಾಲ್ಕು ಮಾಳಿಗೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹತ್ತಿದವನು ಬೇರೆ ಯಾವನಿದ್ದಾನೆ? ಎರಡನೇ ಮಾಳಿಗೆಯ ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಾಗ ಧಣಿಗಳೇ ಬಂದು ಒಂದು ಕಾಲು ಹಿಡಿದರು. ನನ್ನ ಧಣಿ ನನ್ನನ್ನು ಹೊರುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಮೇಲೆ ಬಂದು ಹತ್ತೊಂಬತ್ತು ಚಾಪೆ ನೋಡಿ ಕೊರಗನ ಕಡೆ ತಿರುಗಿ ಏನೋ ಹೇಳಿದರು. ಕೊರಗ ನನ್ನ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದ. ಈರುಳ್ಳಿ ಕೆಳಗೇ ಇರಲಿ ಅಂದರಂತೆ.

ನೀನು ಹಪ್ಪಳ ಹುಡುಕಿದ್ದು, ಶೇಖರ ತಲೆ ಕೆರೆದುಕೊಂಡದ್ದು ಕಂಡಿತು. ನೀನು ಅವನ ಕೈಯಲ್ಲಿ ಕೊಟ್ಟಿದ್ದ ಆ ಹಪ್ಪಳವನ್ನು ಟ್ಯಾಕ್ಸಿಯಲ್ಲಿ ಬರುವಾಗಲೇ ಅವನು ತಿಂದಿದ್ದ. ನಾನು ನೋಡುತ್ತಿದ್ದೆ, ಬೇಡ ಎನ್ನಲಿಲ್ಲ. ನೀನು ಕಾಲು ಎತ್ತಿ ನಿಂತ ಮೇಲೆ ನಾನು ಕುರ್ಚಿಯಿಂದ ನೆಲಕ್ಕೆ ಜಾರಿ, ಹಪ್ಪಳ ಇರುವಲ್ಲಿ ನನ್ನ ಅಂಗೈ ಇಟ್ಟೆ. ನಿನ್ನ ಮುಖ ನೋಡಿದೆ. ಗುರುವಿನ ಕೈ ಮೇಲೆ ಕಾಲಿಡುವುದು ಹೇಗೆ ಎಂದು ನಿನ್ನ ಕಣ್ಣು ಬೇಡುತ್ತಿತ್ತು. ಹತ್ತು ಎಣಿಕೆ ಆಯಿತು, ಹದಿನೈದಾಯಿತು. ಎಷ್ಟು ಹೊತ್ತು ಮೇಲೇ ಇರುತ್ತೀ ನೋಡುತ್ತೇನೆ ಎಂದು ನಾನೂ ಕೈ ತೆಗೆಯಲಿಲ್ಲ. ಆಮೇಲೆ ನೀನು ಇಳಿಸಿದೆ.

ಮಗಳೇ, ಅದರಲ್ಲಿ ತೂಕವೇ ಇರಲಿಲ್ಲ. ಬೆಚ್ಚಗಿತ್ತು, ಅಷ್ಟೇ. ನೀನು ಮೂರು ಉಸಿರು ಹಾಗೇ ಇಟ್ಟೆ. ಹಪ್ಪಳವಾಗಿದ್ದರೂ ಒಡೆಯುತ್ತಿರಲಿಲ್ಲ. ಎಂಟು ವರ್ಷ ಕೆಳಗೆ ತಲೆ ಇದೆ ಎಂದು ಬಾಯಲ್ಲಿ ಹೇಳಿದೆ, ನಿನಗೆ ಬರಲಿಲ್ಲ. ತಪ್ಪು ನಿನ್ನದಲ್ಲ, ಕಲಿಸಿದ ರೀತಿಯದು.

ನೀವೆಲ್ಲ ಕೂಗಿದಾಗ ಹತ್ತೊಂಬತ್ತು ಬಾಯಿ ತೆರೆದದ್ದು ಕಂಡೆ. ಬಲಗಿವಿಗೆ ಎಲ್ಲೋ ದೂರದಿಂದ, ಆಚೆ ಗದ್ದೆಯವರು ಕೂಗಿದಷ್ಟು ದೂರದಿಂದ, ಏನೋ ಬಂತು. ನನಗೆ ಅಷ್ಟು ಸಾಕು. ಮುಂದಿನ ಪಾಡ್ಯಕ್ಕೂ ಕರೆ, ಬರುತ್ತೇನೆ. ಪವಾಯಿಯಲ್ಲಿ ನವೆಂಬರಿಗೆ ಅವರ ಕಥೆಯನ್ನು ಪೂರ್ತಿ ಹೇಳು, ಆಮೇಲೆ ಇದು ನಮ್ಮ ಮಾಸ್ತರರ ಊರಿನದು ಎಂದು ಹೇಳಿ ನಮ್ಮದನ್ನೂ ಹೇಳು. ವಾಚ್‌ಮನ್‌ಗೆ ಮೊದಲೇ ತಿಳಿಸಿಡು.

ಇನ್ನು ನನ್ನ ಅಭ್ಯಾಸದ ವರದಿ. ಬಲಗಾಲು, ಗೋಡೆಗೆ ಒಂದು ಕೈ, ಏಳು ಎಣಿಕೆ. ಎಡಗಾಲು, ಐದು. ನಿನ್ನೆ ಸಂಜೆ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಕಿರುಬೆರಳು ಮಾತ್ರ ಇಟ್ಟುಕೊಂಡೆ. ಅದನ್ನು ಯಾವಾಗ ಬಿಡಬೇಕು ಎಂದು ತಿಳಿಯುತ್ತಿಲ್ಲ, ಹೆದರಿಕೆಯಾಗುತ್ತದೆ. ತಾವು ಭಾನುವಾರ ಬಿಡುವು ಮಾಡಿಕೊಂಡು ಬೊರಿವಲಿಗೆ ಬಂದು, ನೋಡಿ, ತಿದ್ದಬೇಕು.

ತಮ್ಮ ವಿದ್ಯಾರ್ಥಿ,
ಪೂವಪ್ಪ